ಮಾವನ ಕಿವಿಗೊಂದು ಅಂಟು

ನಾನು ಕೆಲಸ ಮಾಡುವ ಘಟಕ ಹಾಸನದ ಕೈಗಾರಿಕಾ ಪ್ರದೇಶದಲ್ಲಿದೆ. ಔಷಧಿಯ ಹಬೆ ಎಳೆದುಕೊಳ್ಳುವ ನೆಬ್ಯುಲೈಸರ್ ಮಾಸ್ಕುಗಳನ್ನೂ ಶ್ರವಣಯಂತ್ರದ ಕಿವಿಅಚ್ಚುಗಳನ್ನೂ ಅಲ್ಲಿ ಮಾಡುತ್ತೇವೆ. ಕಿವಿಅಚ್ಚು ಅಂದರೆ ಗೋಡಂಬಿಯಷ್ಟು ದಪ್ಪದ ಒಂದು ತುಂಡು. ಕಿವಿಯ ಹಿಂದೆ ಕೂರುವ ಯಂತ್ರದಿಂದ ಸದ್ದು ಒಂದು ಸಣ್ಣ ಕೊಳವೆಯಲ್ಲಿ ಹರಿದು ಬಂದು, ಈ ತುಂಡಿನ ಮೂಲಕ ಕಿವಿಯೊಳಕ್ಕೆ ಹೋಗುತ್ತದೆ. ಒಬ್ಬರ ಕಿವಿಯಂತೆ ಇನ್ನೊಬ್ಬರ ಕಿವಿ ಇರುವುದಿಲ್ಲ, ಹಾಗಾಗಿ ಒಬ್ಬೊಬ್ಬರಿಗೂ ಬೇರೆ ಅಚ್ಚು. ಅಚ್ಚಿನ ತೂತಿಗೆ ಆ ಮೆತ್ತನೆಯ ಕೊಳವೆಯನ್ನು ತೂರಿಸಿ ಅಂಟಿಸುವುದೇ ಕೊನೆಯ ಕೆಲಸ. ಅಂಟು ಬೇಕಾಗುವುದು ಸಾಸಿವೆ ಕಾಳಿನಷ್ಟು. ಆ ಸಾಸಿವೆ ಕಾಳಿಗಾಗಿ ನಾನು ಒಂದು ವರ್ಷವಿಡೀ ತಲೆ ಕೆಡಿಸಿಕೊಂಡೆ ಅಂದರೆ ನನ್ನ ತವರಿನವರು ಈಗಲೂ ನಂಬುವುದಿಲ್ಲ.

ನಾವು ಮೊದಲು ಬಳಸುತ್ತಿದ್ದ ಅಂಟು ನಿಧಾನದ್ದು. ಹಚ್ಚಿ, ತಟ್ಟೆಗಳಲ್ಲಿ ಜೋಡಿಸಿ, ಮಾರನೆಯ ದಿನದವರೆಗೆ ಮುಟ್ಟದೆ ಬಿಡಬೇಕಿತ್ತು. ಆರ್ಡರು ಕಡಿಮೆ ಇದ್ದಾಗ ಅದು ನಡೆಯುತ್ತಿತ್ತು. ಆಮೇಲೆ ಸುತ್ತಲಿನ ತಾಲ್ಲೂಕುಗಳಲ್ಲಿ ಶ್ರವಣ ತಪಾಸಣೆಯ ಶಿಬಿರಗಳು ಹೆಚ್ಚಾದವು. ತಟ್ಟೆಗಳು ಕಪಾಟು ತುಂಬಿ ಕಿಟಕಿಯ ಮೇಲೂ ಕೂತವು. ಒಂದು ಸಲ ಚನ್ನರಾಯಪಟ್ಟಣದ ಒಬ್ಬರ ಎಡಗಿವಿಯ ಅಚ್ಚು, ಅರಕಲಗೂಡಿನ ಇನ್ನೊಬ್ಬರ ಪೊಟ್ಟಣಕ್ಕೆ ಸೇರಿ ಹೋಯಿತು. ಅವರಿಬ್ಬರೂ ಒಳ್ಳೆಯವರು, ನಕ್ಕು ವಾಪಸು ಕಳಿಸಿದರು. ಘಟಕದ ಯಜಮಾನರು ಮಾತ್ರ ನಗಲಿಲ್ಲ.

ಯಜಮಾನರಿಗೆ ಅರವತ್ತು ದಾಟಿದೆ. ಯಾರ ಮೇಲೂ ದನಿ ಎತ್ತದ ಮನುಷ್ಯ. ಅವತ್ತು ನನ್ನನ್ನು ಕರೆದು, "ಬೇಗ ಹಿಡಿಯೋ ಅಂಟು ಹುಡುಕಮ್ಮ. ಎಷ್ಟು ದಿನ ಬೇಕಾದ್ರೂ ತಗೋ. ಆದ್ರೆ ಅದು ಜನರ ಕಿವಿಯೊಳಗೆ ಇರೋ ವಸ್ತು ಅನ್ನೋದು ಜ್ಞಾಪಕ ಇರಲಿ" ಅಂದರು. ಪ್ಲಾಸ್ಟಿಕ್ಕು, ರಬ್ಬರು, ಅಂಟುಗಳ ಬಗ್ಗೆ ಓದಿಕೊಂಡವಳು ಘಟಕದಲ್ಲಿ ನಾನೊಬ್ಬಳೇ ಆದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಬಂದದ್ದು, ಮನೆಮನೆಯಲ್ಲೂ ಮುರಿದ ಚಪ್ಪಲಿಗೆ ಹಾಕುತ್ತಾರಲ್ಲ, ಆ ಜಾತಿಯ ಅಂಟು. ಆದರೆ ಚರ್ಮಕ್ಕೆ ತಾಗಿದರೂ ತೊಂದರೆಯಿಲ್ಲ ಎಂದು ಪರೀಕ್ಷೆ ಆದದ್ದು. ಬೆಂಗಳೂರಿನಿಂದ ಅದನ್ನು ತಂದ ಮಾರಾಟಗಾರ ಎರಡು ಪ್ಲಾಸ್ಟಿಕ್ ತುಂಡುಗಳಿಗೆ ಒಂದು ಹನಿ ಹಾಕಿ, ಒತ್ತಿ ಹಿಡಿದು, ಅದಕ್ಕೆ ನಮ್ಮ ಕುಡಿಯುವ ನೀರಿನ ಕ್ಯಾನನ್ನೇ ನೇತು ಹಾಕಿ ತೋರಿಸಿದ. ಗಾಳಿಯಲ್ಲಿರುವ ತೇವವನ್ನೇ ಹೀರಿ ಕ್ಷಣದಲ್ಲಿ ಗಟ್ಟಿಯಾಗುವ ಅಂಟು ಅದು. ನಮ್ಮ ಅಂಟಿಸುವ ಮೇಜಿನ ಮುಖ್ಯಸ್ಥೆ ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಬರುವವಳು, ನನಗಿಂತ ಹಿರಿಯಳು. ಅವಳು ಆ ಕ್ಯಾನನ್ನು ಅಲ್ಲಾಡಿಸಿ ನೋಡಿ, "ಇದೇ ಇರ್ಲಿ ಬುಡಿ ಮೇಡಂ, ಇನ್ನೇನ್ ಬೇಕು" ಅಂದಳು. ಮಾರನೆಯ ದಿನವೇ ಅವಳ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಅಂಟಿಕೊಂಡವು. ಬಿಸಿನೀರು ಸೋಪಿನಲ್ಲಿ ನೆನೆಸಿ ಬಿಡಿಸುವಷ್ಟರಲ್ಲಿ ಅವಳ ಅಭಿಪ್ರಾಯವೂ ಅರ್ಧ ಬದಲಾಗಿತ್ತು.

ಎರಡನೆಯದು ಬೆಳಕಿನ ಅಂಟು. ನೇರಳೆ ದೀಪದ ಕೆಳಗೆ ಹಿಡಿದರೆ ಮಾತ್ರ ಗಟ್ಟಿಯಾಗುತ್ತದೆ, ಹಿಡಿಯುವವರೆಗೆ ಜೇನಿನಂತೆ ಹರಿಯುತ್ತಾ ಇರುತ್ತದೆ. ಕೊಳವೆಯನ್ನು ಬೇಕಾದಂತೆ ತಿರುಗಿಸಿ, ಸರಿಯಾಗಿ ಕೂತಿದೆ ಎಂದು ಕಂಡ ಮೇಲೆ ದೀಪ ಹಾಕಬಹುದು. ಆದರೆ ದೀಪ ಕೊಳ್ಳಬೇಕು, ಕಣ್ಣಿಗೆ ಕನ್ನಡಕ ಹಾಕಬೇಕು, ಕೈಗವಸು ತೆಗೆಯುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು, ಬೆಳಕು ಒಳಗೆ ಹೋಗಬೇಕು. ನಮ್ಮ ಅಚ್ಚುಗಳು 'ಚರ್ಮದ ಬಣ್ಣ' ಎಂದು ಕರೆಯುವ ಗುಲಾಬಿ ಬಣ್ಣದವು. ಅದರೊಳಗೆ ಬೆಳಕು ಇಳಿಯದು. ಕತ್ತರಿಸಿ ನೋಡಿದರೆ ಅಂಟು ಒಳಗೆ ಹಸಿಯಾಗಿಯೇ ಇರುತ್ತಿತ್ತು. ಗಾಜಿನಂತೆ ಪಾರದರ್ಶಕವಾದ ಅಚ್ಚು ಮಾಡಿದರೆ ಮಾತ್ರ ಪೂರ್ತಿ ಹಿಡಿಯುತ್ತಿತ್ತು.

ಅಂಟಿಸಿದ ಕೊಳವೆಗಳನ್ನು ಗಟ್ಟಿತನ ಅಳೆಯುವ ಯಂತ್ರಕ್ಕೆ ಸಿಕ್ಕಿಸಿ ಎಳೆದೆ. ಉಪ್ಪು, ಆಮ್ಲ ಬೆರೆಸಿ ನಾವೇ ತಯಾರಿಸಿದ ಬೆವರಿನಲ್ಲಿ ನೆನೆಸಿದೆ. ಬೆಚ್ಚಗಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಟ್ಟೆ. ಎಳೆದಾಗ ಎರಡೂ ಗಟ್ಟಿಯೇ. ಮೊದಲನೆಯದು ಸುತ್ತ ವಿಭೂತಿ ಬಳಿದ ಹಾಗೆ ಬೆಳ್ಳಗಾಗುತ್ತಿತ್ತು, ಅಷ್ಟೇ. ಬೆಲೆಯಲ್ಲಿ, ಸಲೀಸಿನಲ್ಲಿ ಅದೇ ಮುಂದು. ನನ್ನ ಮನಸ್ಸು ಮಾತ್ರ ಒಪ್ಪುತ್ತಿರಲಿಲ್ಲ, ಏಕೆ ಎಂದು ಹೇಳಲೂ ಬರುತ್ತಿರಲಿಲ್ಲ. ನಮ್ಮ ಜೊತೆ ಕೆಲಸ ಮಾಡುವ ಹಾಸನದ ಕಿವಿ ವೈದ್ಯೆಯನ್ನು ಕೇಳಿದೆ. ಆಕೆ, "ಪೆಟ್ಟಿಗೆಯಲ್ಲಿಟ್ಟು ಎಷ್ಟು ದಿನ ನೋಡ್ತೀರಿ? ಎರಡೂ ಚರ್ಮಕ್ಕೆ ಸುರಕ್ಷಿತ ಅಂತ ಗೊತ್ತಾಗಿದೆಯಲ್ಲ, ಒಪ್ಪಿದ ಕೆಲವರಿಗೆ ಒಂದೊಂದು ಕಿವಿಗೆ ಒಂದೊಂದು ಹಾಕಿ. ನಾನೂ ಗಮನಿಸ್ತಾ ಇರ್ತೀನಿ" ಅಂದರು. ಅವರ ರೋಗಿಗಳಲ್ಲಿ ಕೆಲವರು ಒಪ್ಪಿದರು. ಇನ್ನೊಬ್ಬರು ಬೇಕಿತ್ತು. ನನಗೆ ನೆನಪಾದದ್ದು ನಮ್ಮ ಮಾವ.

ನಮ್ಮ ಮನೆ ಕಟ್ಟಾಯದ ಹತ್ತಿರದ ಹಳ್ಳಿಯಲ್ಲಿ. ಯಜಮಾನರು ಅಂದಾಗ ನನ್ನ ಗಂಡ ಎಂದು ತಿಳಿಯಬಾರದು. ನನ್ನ ಗಂಡ ಹೊಳೆನರಸೀಪುರದಲ್ಲಿ ಕಾಲೇಜು ಮೇಷ್ಟ್ರು, ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಾರೆ. ಹೊಲ ತೋಟ ಎಲ್ಲ ನೋಡಿಕೊಳ್ಳುವವರು ಮಾವ. ಆಲೂಗಡ್ಡೆ, ಜೋಳ, ಒಂದಿಷ್ಟು ಶುಂಠಿ. ವಯಸ್ಸಿನಲ್ಲಿದ್ದಾಗಿನಿಂದ ಟ್ರ್ಯಾಕ್ಟರಿನ ಮೇಲೆ ಕೂತು ಕೂತು ಅವರ ಕಿವಿ ಹೋಗಿತ್ತು. ನಾನು ಮದುವೆಯಾಗಿ ಬಂದಾಗಲೇ ಅರ್ಧ ಮಂದವಾಗಿತ್ತು, ಆಮೇಲೆ ಇನ್ನೂ ಇಳಿಯಿತು. ಹಾಗಾಗಿ ಮಾವನಿಗೂ ನನಗೂ ಇಷ್ಟು ವರ್ಷಗಳಲ್ಲಿ ಆದ ಮಾತು ಬಹಳ ಕಡಿಮೆ. ಊಟಕ್ಕೆ ಕರೆಯುವಾಗ ಕೈ ಸನ್ನೆ, ಕಾಫಿ ಕೊಡುವಾಗ ಲೋಟದ ಸದ್ದು. ಸೊಸೆಯಾದವಳು ಮಾವನ ಎದುರಿಗೆ ನಿಂತು ಕಿರುಚಲು ಆಗುತ್ತದೆಯೇ. ಅವರೂ ನನ್ನ ಮುಖ ನೋಡಿ ತಲೆಯಾಡಿಸಿ ಹೋಗುತ್ತಿದ್ದರು. ಅದು ಕೋಪವಲ್ಲ, ಸಂಕೋಚ ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು.

ಶಿಬಿರವೊಂದರಲ್ಲಿ ಅವರಿಗೆ ಒಂದು ಶ್ರವಣಯಂತ್ರ ಸಿಕ್ಕಿತ್ತು. ಅಚ್ಚು ಮಾಡಿಸದೆ, ಯಾವ ಕಿವಿಗಾದರೂ ಆಗುವ ರಬ್ಬರ್ ತುದಿ ಹಾಕಿ ಕೊಟ್ಟಿದ್ದರು. ಅದು ಸರಿಯಾಗಿ ಕೂರದೆ ಕೀ ಎಂದು ಕೂಗುತ್ತಿತ್ತು. "ಕಿವೀಲಿ ಕಪ್ಪೆ ಕೂತಂಗಾಯ್ತದೆ" ಅಂದು ಅದನ್ನು ಟವೆಲ್ಲಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟಿದ್ದರು. ಅಚ್ಚು ಮಾಡಿಸೋಣ ಎಂದು ನನ್ನ ಗಂಡ ಹೇಳಿದರೆ, "ನಂಗೇನ್ಲಾ ಈಗ ಕೇಳ್ಬೇಕಾಗಿರೋದು? ಎಲ್ಲಾ ಕೇಳಾಯ್ತು" ಎನ್ನುತ್ತಿದ್ದರು. ಯಾರೇ ಅವರಿಗೆ ಉಪಕಾರ ಮಾಡಲು ಹೋದರೂ ಹಿಂದೆ ಸರಿಯುವ ಸ್ವಭಾವ.

ಅದಕ್ಕೇ ನಾನು ಬೇರೆ ದಾರಿ ಹಿಡಿದೆ. ಒಂದು ಭಾನುವಾರ ಜಗಲಿಯ ಮೇಲೆ ಅವರ ಪಕ್ಕ ಕೂತು, ಗಂಟಲು ಏರಿಸಿ, "ಮಾವ, ನನ್ನ ಕೆಲಸಕ್ಕೆ ನಿಮ್ಮಿಂದ ಒಂದು ಸಹಾಯ ಆಗ್ಬೇಕು" ಅಂದೆ. ಅವರು ನೆಟ್ಟಗೆ ಕೂತರು.

"ಏನವ್ವ, ಯೋಳು."

"ಎರಡು ಥರದ ಅಂಟು ಇದೆ. ಯಾವುದು ತಡೀತದೆ ಅಂತ ನೋಡ್ಬೇಕು. ಕಿವಿಗೆ ಹಾಕ್ಕೊಂಡು ದಿನಾ ನೀವು ಮಾಡೋ ಕೆಲಸಾನೇ ಮಾಡ್ಬೇಕು. ಹೊಲ, ಬಿಸಿಲು, ಬೆವರು ಎಲ್ಲ."

"ಅಂದ್ರೆ ನಾನ್ ಮೈ ಬಗ್ಸಿ ದುಡುದ್ರೆ ನಿಮ್ಮ್ ಪ್ಯಾಕ್ಟ್ರಿಗೆ ಉಪ್ಯೋಗ."

"ಹೂಂ."

"ಅದಾದ್ರೆ ಆಯ್ತದೆ ಬುಡು" ಎಂದು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಎದ್ದರು.

ಹಾಸನದಲ್ಲಿ ವೈದ್ಯೆ ಎಲ್ಲವನ್ನೂ ವಿವರಿಸಿ, ಒಪ್ಪಿಗೆ ಪಡೆದು, ಕಿವಿಯ ಅಳತೆ ತೆಗೆದರು. ಇನ್ನೊಂದು ಕಿವಿಗೆ ಘಟಕದಿಂದಲೇ ಯಂತ್ರ ಕೊಟ್ಟೆವು. ಎಡಕ್ಕೆ ಗುಲಾಬಿ ಅಚ್ಚು, ಮೊದಲನೆಯ ಅಂಟು. ಬಲಕ್ಕೆ ಗಾಜಿನಂಥದ್ದು, ಬೆಳಕಿನ ಅಂಟು. ಹಾಕಿ ಯಂತ್ರ ಚಾಲೂ ಮಾಡಿದೆವು. ಕಪ್ಪೆ ಕೂಗಲಿಲ್ಲ. ಮಾವ ತಲೆ ಎತ್ತಿ ಮೇಲೆ ನೋಡಿ, "ಆ ಪ್ಯಾನು ಎಣ್ಣೆ ಬೇಡ್ತಾದೆ" ಅಂದರು. ನಾವ್ಯಾರೂ ಅದುವರೆಗೆ ಫ್ಯಾನಿನ ಸದ್ದು ಗಮನಿಸಿರಲಿಲ್ಲ.

ಮನೆಯಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡವರು ಅತ್ತೆ. ಅವರು ಬಹಳ ವರ್ಷಗಳಿಂದ ಒಲೆಯ ಮುಂದೆ ನಿಂತು ಗಂಡನ ಬಗ್ಗೆ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದರು. ಕೇಳಿಸದವರ ಮುಂದೆ ಅಂದರೆ ಅಂದ ಹಾಗೂ ಅಲ್ಲ, ಮನಸ್ಸಿನ ಭಾರವೂ ಇಳಿಯುತ್ತದೆ. ಆ ವಾರ ಒಂದು ಬೆಳಿಗ್ಗೆ ಮಾವ ಕೆಸರುಗಾಲಲ್ಲೇ ನಡುಮನೆಗೆ ಬಂದರು. ಅತ್ತೆ ರೊಟ್ಟಿ ತಟ್ಟುತ್ತಾ, "ಈ ಮನುಸ್ರಿಗೆ ಕಾಲ್ ತೊಳ್ಕಂಡ್ ಬರೋ ಬುದ್ಧಿ ಸಾಯೋ ಗಂಟ ಬರಾಕಿಲ್ಲ" ಅಂದರು.

"ತೊಳ್ಕತೀನಿ ಇರು" ಅಂದರು ಮಾವ, ಮೆಲ್ಲಗೆ.

ಅತ್ತೆಯ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ಮಾವ ಕಾಲು ತೊಳೆದು ಬಂದು ಊಟಕ್ಕೆ ಕೂತು ನನ್ನ ಕಡೆ ತಿರುಗಿ, "ಇಷ್ಟ್ ವರ್ಸನೂ ಇವ್ಳು ಇಂಗೇ ಅಂತಿದ್ಲಾ?" ಎಂದು ಕೇಳಿದರು. ಅತ್ತೆಯೇ, "ಇನ್ನೂ ಜಾಸ್ತಿ ಅಂತಿದ್ದೆ" ಎಂದು ತಟ್ಟೆಗೆ ರೊಟ್ಟಿ ಹಾಕಿದರು. ಮೂವರೂ ನಕ್ಕೆವು. ನಾನು ಆ ಮನೆಯಲ್ಲಿ ಮಾವನ ಜೊತೆ ಸೇರಿ ನಕ್ಕದ್ದು ಅದೇ ಮೊದಲು.

ಅವರು ಕೆಲಸವನ್ನು ಎಷ್ಟು ನಿಷ್ಠೆಯಿಂದ ಹಿಡಿದರು ಅಂದರೆ, ದಿನಾ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಮೊದಲು ವರದಿ ಒಪ್ಪಿಸುತ್ತಿದ್ದರು. "ನೆನ್ನೆ ಗೊಬ್ರ ಚೆಲ್ಲುದ್ವಿ, ಬೆವ್ರು ಬಾಳ ಬಂತು, ಏನೂ ಆಗಿಲ್ಲ." "ರಾತ್ರಿ ತಗ್ದು ಬಟ್ಟೇಲಿ ಒರ್ಸಿ ಇಟ್ಟಿವ್ನಿ." ಆಲೂಗಡ್ಡೆ ಬಿತ್ತನೆಯ ಕಾಲ ಬಂತು. ಬಿತ್ತನೆ ಗಡ್ಡೆ ತರಲು ಹಾಸನದ ಮಾರುಕಟ್ಟೆಗೆ ಹೋಗಿ ಬಂದವರು, ಈ ಸಲ ವ್ಯಾಪಾರದಲ್ಲಿ ತಾವೇ ಮಾತಾಡಿದ್ದಾಗಿ ಹೇಳಿದರು. ಮೊದಲೆಲ್ಲ ಪಕ್ಕದ ಹೊಲದವರನ್ನು ಕರೆದುಕೊಂಡು ಹೋಗಿ ಅವರ ಬಾಯಿಂದ ಕೇಳಿಸುತ್ತಿದ್ದರಂತೆ. ಅದು ನನಗೆ ಗೊತ್ತೇ ಇರಲಿಲ್ಲ.

ಇದ್ದಕ್ಕಿದ್ದಂತೆ ಒಂದು ದಿನ ವರದಿ ನಿಂತಿತು. ಹೊಳೆನರಸೀಪುರದಲ್ಲಿ ನೆಂಟರ ಮನೆಯ ಬೀಗರೂಟಕ್ಕೆ ಹೋಗಿ ಬಂದ ಮಾರನೆಯ ದಿನದಿಂದ ಮಾವ ನಾನು ಎದ್ದೇಳುವ ಮೊದಲೇ ತೋಟಕ್ಕೆ ಹೋಗಿಬಿಡುತ್ತಿದ್ದರು. ಸಂಜೆ ಮಾತಾಡಿಸಿದರೆ ಬಲಗಿವಿಯನ್ನೇ ನನ್ನ ಕಡೆ ತಿರುಗಿಸುತ್ತಿದ್ದರು. ನಾನು ಎಡಕ್ಕೆ ಹೋಗಿ ನಿಂತು, "ಮಾವ, ಕಾಫಿ ಬೇಕಾ?" ಅಂದರೆ, "ನಾಳೀಕೆ ಬತ್ತದಂತೆ" ಎಂದು ಏನೋ ಊಹಿಸಿಕೊಂಡು ಅಂದರು.

"ಎಡಗಡೇದು ಕೊಡಿ ಇಲ್ಲಿ" ಎಂದು ಕೈ ಚಾಚಿದೆ. ಮಗು ಒಡೆದ ಲೋಟ ಕೊಡುವ ಹಾಗೆ ಕೊಟ್ಟರು. ಗುಲಾಬಿ ಅಚ್ಚಿನಿಂದ ಕೊಳವೆ ಕಿತ್ತು ಬಂದಿತ್ತು. ಅದನ್ನು ಮತ್ತೆ ತೂರಿಸಿ, ಸುತ್ತಲೂ ಟ್ಯೂಬಿನ ಪಂಚರಿಗೆ ಹಾಕುವ ಸೊಲ್ಯೂಷನ್ ಮೆತ್ತಿದ್ದರು. ಕೊಳವೆಯ ತೂತೇ ಮುಚ್ಚಿ ಹೋಗಿತ್ತು. ಸದ್ದು ಹೋಗಲು ದಾರಿಯೇ ಇರಲಿಲ್ಲ.

"ಬೀಗ್ರೂಟ್ದಲ್ಲಿ ಜನ ಜಾಸ್ತಿ, ಗಲಾಟೆ. ತಗ್ದು ಎಲೆಅಡ್ಕೆ ಚೀಲದಲ್ಲಿ ಇಟ್ಕಂಡಿದ್ದೆ. ಬಸ್ನಲ್ಲಿ ತಗುದ್ರೆ ಎಲ್ಡ್ ತುಂಡು. ನನ್ ಕೈ ಒರಟು ಕಣವ್ವ. ನಾನೇ ಮುರ್ದಾಕ್ಬುಟ್ಟೆ. ನಿನ್ ಕೆಲ್ಸಕ್ಕೆ ಏನಾರ ಆಯ್ತದಾ?"

ಆ ಮುಖ ನೋಡಿ ನನಗೆ ನಗುವೂ ಬಂತು, ಅಯ್ಯೋ ಎಂದೂ ಅನ್ನಿಸಿತು. ನನ್ನ ನೌಕರಿ ಹೋಗುತ್ತದೆ ಎಂದು ಹೆದರಿ ಆ ಮನುಷ್ಯ ಅಷ್ಟು ದಿನ ಒಂದೇ ಕಿವಿಯಲ್ಲಿ ಓಡಾಡಿದ್ದರು. "ಮಾವ, ಇದು ಮುರೀಲಿ ಅಂತಾನೇ ನಿಮಗೆ ಕೊಟ್ಟಿದ್ದು. ಇಲ್ಲಿ ಮುರಿದ್ರೆ ಒಳ್ಳೇದು. ಆಮೇಲೆ ಸಾವಿರ ಜನರ ಕಿವೀಲಿ ಮುರಿದ್ರೆ ಕಷ್ಟ" ಅಂದೆ.

ಅವರು, "ಅಂಗಾರೆ ಮೊದ್ಲೇ ಯೋಳ್ಬೇಕಲ್ವಾ. ನಾನು ಮೊಟ್ಟೆ ಕಾಯ್ದಂಗೆ ಕಾಯ್ತಿದ್ದೆ" ಅಂದರು.

ಮುರಿದದ್ದನ್ನು ಘಟಕಕ್ಕೆ ಕೊಂಡುಹೋಗಿ ಭೂತಗನ್ನಡಿಯಲ್ಲಿಟ್ಟು ನೋಡಿದೆ. ಪಂಚರ್ ಸೊಲ್ಯೂಷನ್ ಕೆರೆದು ತೆಗೆದ ಮೇಲೆ, ಅಡಿಯಲ್ಲಿ ಮೊದಲಿನ ಅಂಟು ಸೀಮೆಸುಣ್ಣದಂತೆ ಬಿರಿದಿತ್ತು. ಅದರ ಸಂದುಗಳಲ್ಲಿ ಎಲೆಗೆ ಹಚ್ಚುವ ಸುಣ್ಣವೂ ಇತ್ತು. ಆಗ ನನಗೆ ಹೊಳೆಯಿತು. ನಾನು ಇಷ್ಟು ದಿನ ಕೊಳವೆಯನ್ನು ನೇರವಾಗಿ ಎಳೆದು ಪರೀಕ್ಷೆ ಮಾಡಿದ್ದೆ. ಆದರೆ ಕಿವಿಯಿಂದ ಅಚ್ಚು ತೆಗೆಯುವಾಗ ಯಾರೂ ನೇರವಾಗಿ ಎಳೆಯುವುದಿಲ್ಲ. ಕೊಳವೆಯನ್ನೇ ಹಿಡಿದು ಬಾಗಿಸಿ ತಿರುಗಿಸುತ್ತಾರೆ, ದಿನಕ್ಕೆ ಹಲವು ಸಲ. ಆ ಅಂಟು ಗಟ್ಟಿಯೇನೋ ಹೌದು, ಬಾಗುವ ಗುಣ ಮಾತ್ರ ಇಲ್ಲ.

ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುವ ಒಂದು ಪುಟ್ಟ ಯಂತ್ರವನ್ನು ನಮ್ಮ ಫಿಟ್ಟರ್ ಹಳೆಯ ವೈಪರ್ ಮೋಟಾರಿನಿಂದ ಮಾಡಿಕೊಟ್ಟರು. ಅದರಲ್ಲಿ ಹಾಕಿದಾಗ ಮೊದಲನೆಯ ಅಂಟಿನವು ಒಂದೊಂದಾಗಿ ಬಿರಿದವು. ಸುಣ್ಣದ ನೀರಲ್ಲಿ ನೆನೆಸಿದವು ಇನ್ನೂ ಬೇಗ. ಬೆಳಕಿನ ಅಂಟಿನವು ಬಾಗಿ ಬಾಗಿ ಕೊನೆಗೆ ಕೊಳವೆಯೇ ಸವೆಯಿತು, ಅಂಟು ಬಿಡಲಿಲ್ಲ. ಬೇರೆ ಸ್ವಯಂಸೇವಕರದ್ದೂ ಕೆಲವು ಅಷ್ಟರಲ್ಲಿ ಮುರಿದು ಬಂದವು, ಎಲ್ಲ ಗುಲಾಬಿಯವೇ.

ಹೀಗೆ ಬೆಳಕಿನ ಅಂಟೇ ಆಗಬೇಕು ಎಂದು ತೀರ್ಮಾನವಾಯಿತು. ಯಜಮಾನರಿಗೆ ಅಂಟಿನ ಬಗ್ಗೆ ತಕರಾರಿರಲಿಲ್ಲ. ಪಾರದರ್ಶಕ ಅಚ್ಚು ಅಂದಾಗ ಹಿಂಜರಿದರು. "ಜನ ಚರ್ಮದ ಬಣ್ಣದ್ದೇ ಕೇಳ್ತಾರಮ್ಮ, ಕಾಣಬಾರದು ಅಂತ" ಅಂದರು. ನಾನು ವಾದ ಮಾಡಲಿಲ್ಲ. ಅವರ ಕಿವಿಯ ಅಳತೆ ತೆಗೆಸಿ, ಒಂದಕ್ಕೆ ಗುಲಾಬಿ ಇನ್ನೊಂದಕ್ಕೆ ಪಾರದರ್ಶಕ ಅಚ್ಚು ಮಾಡಿಸಿ ಹಾಕಿದೆ. ಅವರು ಕನ್ನಡಿಯ ಮುಂದೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿದರು. ಅರಕಲಗೂಡಿನ ನಮ್ಮ ಮುಖ್ಯಸ್ಥೆಯನ್ನು ಕರೆದು, "ಯಾವುದು ಕಾಣುತ್ತೆ?" ಎಂದು ಕೇಳಿದರು.

ಅವಳು, "ಸಾ, ಎಡಗಡೆ ಬಬಲ್‌ಗಮ್ ಸಿಕ್ಕಾಕ್ಕಂಡಂಗದೆ. ಬಲಗಡೆ ಏನೈತೆ?" ಅಂದಳು. ಯಜಮಾನರು ಎರಡನ್ನೂ ತೆಗೆದು ಮೇಜಿನ ಮೇಲಿಟ್ಟು ದೀಪಗಳಿಗೆ ಆರ್ಡರು ಕೊಡಲು ಹೇಳಿದರು.

ಆಮೇಲೂ ಕೆಲಸ ಇತ್ತು. ಅಚ್ಚು, ಅಂಟು, ಕೊಳವೆ ಮೂರೂ ಸೇರಿದ ಮಾದರಿಗಳನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿ, ಚರ್ಮಕ್ಕೆ ಕೆರೆತ ಉರಿ ಏನೂ ಆಗದು ಎಂಬ ವರದಿ ಬರುವವರೆಗೆ ಕಾಯಬೇಕಾಯಿತು. ವರದಿ ಬಂದ ದಿನ ಅಂಟಿಸುವ ಮೇಜಿನ ಹೆಂಗಸರು ತಾವೇ ದುಡ್ಡು ಹಾಕಿ ಮದ್ದೂರು ವಡೆ ತರಿಸಿದರು. ಹೊಸ ಅಂಟಿನಿಂದ ತಟ್ಟೆಗಳೆಲ್ಲ ಖಾಲಿಯಾಗಿ ಕಿಟಕಿಯಿಂದ ಮತ್ತೆ ಬೆಳಕು ಬಂತು. ಮುಖ್ಯಸ್ಥೆಗೆ ಮಾತ್ರ ಒಂದು ದೂರು: "ಮೊದ್ಲು ಒಣಗ್ಲಿ ಅಂತ ಇಟ್ಟು ಒಂದೀಟು ಮಾತಾಡ್ತಿದ್ವಿ. ಈಗ ದೀಪ ಹಾಕಿ ತಿರುಗೋದ್ರೊಳ್ಗೆ ಇನ್ನೊಂದು ಬಂದಿರ್ತದೆ." ಅದು ನ್ಯಾಯವಾದ ಮಾತು. ಯಜಮಾನರಿಗೆ ಹೇಳಿ ಮಧ್ಯಾಹ್ನದ ಕಾಫಿಯ ಬಿಡುವನ್ನು ಉದ್ದ ಮಾಡಿಸಿದೆ.

ಮಾವನಿಗೆ ಎರಡೂ ಕಿವಿಗೆ ಹೊಸ ಅಚ್ಚು ಬಂತು. ಒಂದು ದಿನ ಹಾಸನಕ್ಕೆ ಬಂದಿದ್ದವರು, ತಮ್ಮ ಕೆಲಸ ಮುಗಿಸಿ ಘಟಕದ ಬಾಗಿಲಿಗೆ ಬಂದು ನಿಂತಿದ್ದರು. ಒಗೆದ ಬಿಳಿ ಅಂಗಿ, ಪಂಚೆ. ಅದೇ ಮೊದಲು ನನ್ನ ಕೆಲಸದ ಜಾಗಕ್ಕೆ ಅವರು ಬಂದದ್ದು. ತಲೆಗೆ ಟೋಪಿ, ಕಾಲಿಗೆ ಚೀಲ, ಕಣ್ಣಿಗೆ ಕನ್ನಡಕ ಹಾಕಿಸಿ ಒಳಗೆ ಕರೆದುಕೊಂಡು ಹೋದೆ. ಮುಖ್ಯಸ್ಥೆ ಒಂದು ಹನಿ ಹಾಕಿ, ಕೊಳವೆ ಕೂರಿಸಿ, ದೀಪದ ಕೆಳಗೆ ಹಿಡಿದು ತೋರಿಸಿದಳು.

"ಇಷ್ಟೇಯಾ?" ಅಂದರು ಮಾವ.

"ಇಷ್ಟೇ ಕಣ್ ಗೌಡ್ರೆ. ಇಷ್ಟಕ್ಕೇ ನಿಮ್ ಸೊಸೆ ವರ್ಸ ತಗಂಡ್ರು" ಎಂದಳು ಅವಳು.

ಅವರು ಪಕ್ಕದ ತಟ್ಟೆಯನ್ನೇ ನೋಡುತ್ತಿದ್ದರು. ಅದರಲ್ಲಿದ್ದ ಅಚ್ಚುಗಳು ಬಹಳ ಚಿಕ್ಕವು, ಹುಣಸೆ ಬೀಜಕ್ಕಿಂತ ಸಣ್ಣವು. "ಇವ್ಯಾರ್ವು?" ಎಂದು ಕೇಳಿದರು.

"ಮಕ್ಕಳದ್ದು ಮಾವ. ಹುಟ್ಟಿದಾಗಿಂದ ಕೇಳಿಸದ ಮಕ್ಕಳು. ಕಿವಿ ಬೆಳೆದ ಹಾಗೆಲ್ಲ ಹೊಸದು ಮಾಡಬೇಕು."

ನನ್ನ ಕೆಲಸ ಮುಗಿಯುವವರೆಗೆ ಅವರು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಸಂಜೆ ಒಂದೇ ಬಸ್ಸಿನಲ್ಲಿ ಹೊರಟೆವು. ಜನ ತುಂಬಿದ್ದರು. ಯಾರೋ ಎದ್ದು ಮಾವನಿಗೆ ಜಾಗ ಕೊಟ್ಟರೆ ಅವರು ನನ್ನನ್ನು ಕೂರಿಸಿ ತಾವು ಪಕ್ಕದಲ್ಲಿ ಕಂಬಿ ಹಿಡಿದು ನಿಂತರು. ಊರು ದಾಟಿದ ಮೇಲೆ ಸ್ವಲ್ಪ ಬಗ್ಗಿ, ಎಂದೂ ಇಲ್ಲದಷ್ಟು ಸಣ್ಣ ದನಿಯಲ್ಲಿ ಹೇಳಿದರು:

"ನಂಗೆ ಕಿವಿ ಓಗಿದ್ದು ಎಲ್ಲಾ ಕೇಳಾದ್ಮ್ಯಾಕೆ. ಆ ಮಕ್ಳು ಇನ್ನೂ ಏನೂ ಕೇಳೇ ಇಲ್ವಲ್ಲವ್ವ."

"ಹೂಂ ಮಾವ. ಈಗ ಕೇಳ್ತಾರೆ."

"ಆ ಸಣ್ಣವು ಎಸಿತವೆ, ಕಚ್ತವೆ, ಮಣ್ಣಲ್ಲಿ ಆಕ್ತವೆ. ನಾನು ಮುರುದ್ದಂಗಲ್ಲ. ಅವ್ರ ಮನೇಗೂ ಒಂದ್ ದಪ ಓಗ್ ನೋಡ್ಕಂಡ್ ಬಾ."

ನಾನು ಅದನ್ನು ಯೋಚಿಸಿರಲಿಲ್ಲ ಎಂದಲ್ಲ, ಆದರೆ ಹೋಗಿರಲಿಲ್ಲ. ಮುಂದಿನ ತಿಂಗಳು ವೈದ್ಯೆಯ ಜೊತೆ ಚನ್ನರಾಯಪಟ್ಟಣದ ಕಡೆಯ ಕೆಲವು ಮನೆಗಳಿಗೆ ಹೋದೆ. ಒಂದು ಮನೆಯಲ್ಲಿ ಇನ್ನೂ ನಡೆಯಲು ಕಲಿಯುತ್ತಿದ್ದ ಹೆಣ್ಣು ಮಗು ಕಿವಿಯಿಂದ ಅಚ್ಚು ಕಿತ್ತು ಬಾಯಿಗೆ ಹಾಕಿಕೊಂಡಿತ್ತು. ಅದರ ಅಮ್ಮ ತೆಗೆದು, ಒರೆಸಿ, ಮತ್ತೆ ಕಿವಿಗಿಟ್ಟು, ತಟ್ಟೆಯ ಮೇಲೆ ಚಮಚ ಬಡಿದಳು. ಮಗು ತಿರುಗಿ ನೋಡಿತು. ಕೊಳವೆಯನ್ನು ನಾನು ಹಿಡಿದು ಬಾಗಿಸಿ ನೋಡಿದೆ. ಅಂಟು ಬಿಟ್ಟಿರಲಿಲ್ಲ.